ಕಾರ್ಬೈಡ್ ಡ್ರಮ್ಮಿನಲ್ಲಿ ಜೋಳ

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮಣ್ಣ ಕುಕನೂರಿನಲ್ಲಿ ಗ್ಯಾಸ್ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಕಾರ್ಬೈಡ್ ಕಲ್ಲಿಗೆ ನೀರು ಬಿದ್ದರೆ ಗ್ಯಾಸ್ ಹುಟ್ಟುತ್ತದೆ. ಆ ಗ್ಯಾಸಿನ ಉರಿಯಿಂದ ಬೆಸುಗೆ. ಆ ಕಲ್ಲು ತುಂಬಿಕೊಂಡು ಬರುತ್ತಿದ್ದ ತಗಡಿನ ಡ್ರಮ್ಮು ಯಾವಾಗ ಖಾಲಿಯಾದೀತೆಂದು ಓಣಿಯ ಹೆಂಗಸರು ಕಾಯುತ್ತಿದ್ದರು. ಮುಚ್ಚಳ ಬಿಗಿ, ಇಲಿಯ ಕಾಟವಿಲ್ಲ. ಜೋಳ ತುಂಬಿಡಲು ಅದಕ್ಕಿಂತ ಒಳ್ಳೆಯದು ಯಾರ ಮನೆಯಲ್ಲೂ ಇರಲಿಲ್ಲ. ಗ್ಯಾಸ್ ತೀರಿ ಉಳಿದ ಬಿಳಿ ರಾಡಿಯನ್ನೂ ಗೋಡೆಗೆ ಸುಣ್ಣವೆಂದು ಒಯ್ಯುತ್ತಿದ್ದರು.

ಖಾಲಿ ಡ್ರಮ್ಮನ್ನು ಅಣ್ಣ ಹಾಗೇ ಕೊಡುತ್ತಿರಲಿಲ್ಲ. ಅಂಗಡಿಯ ಹಿಂದಿನ ಬಯಲಿನಲ್ಲಿ ಮೇಲಿಂದ ಮೇಲೆ ನೀರು ತುಂಬಿ ಚೆಲ್ಲಿ, ಬಾಯಿ ತೆರೆದು ಬಿಸಿಲಿಗೆ ಇಡುತ್ತಿದ್ದ. ಅದರ ಹತ್ತಿರ ಯಾರೂ ಬೀಡಿ ಹಚ್ಚುವಂತಿರಲಿಲ್ಲ. ಊರಿಗೆಲ್ಲ ಇಷ್ಟು ಮಾಡುವವನು ಸ್ವಂತ ಮನೆಗೆ ಮಾತ್ರ ತೊಳೆಯದೆ ತಂದ. ಹೊಸ ಹೆಂಡತಿ ಕೇಳಿದ್ದಳಲ್ಲ, ಅವಸರ!

ಕಾಳು ತುಂಬುವ ಮುಂಚೆ ಹೊಸ ಪಾತ್ರೆಗೆ ನೀರು ಚಿಮುಕಿಸಿ ಆರತಿ ಬೆಳಗುವುದು ನಮ್ಮ ಮನೆಯ ಪದ್ಧತಿ. ಸೊಸೆ ನೀರು ಹಾಕಬೇಕು, ಅತ್ತೆ ಬೆಳಗಬೇಕು. ಅತ್ತಿಗೆ ಧಾರಾಳವಾಗಿ ನೀರು ಚಿಮುಕಿಸಿ ಮುಚ್ಚಿದಳು. ಅವ್ವ ಬತ್ತಿ ಹೊಸೆದು, ಎಣ್ಣೆ ಹಾಕಿ, ಆರತಿ ಹಚ್ಚಿಕೊಂಡು ಬಂದು ಮುಚ್ಚಳ ಸರಿಸಿದಳು. ಬೆಳ್ಳುಳ್ಳಿಯಂಥ ವಾಸನೆ ಬಂತು, ಹಿಂದೆಯೇ ಢಮ್ಮೆಂದಿತು. ಅವ್ವನ ಹುಬ್ಬು, ಮುಂಗೂದಲು ಸುಟ್ಟುಹೋದವು. ಕಣ್ಣು ಉಳಿದದ್ದೇ ದೊಡ್ಡದು.

"ತೊಳೀಲಾರದ ತಂದಾಂವ ನಾನು ಯವ್ವಾ, ತಪ್ಪು ನಂದೈತಿ" ಎಂದ ಅಣ್ಣ.

"ಹೇಣ್ತಿ ತಪ್ಪು ನಿನ್ನ ಮ್ಯಾಲ ಹಾಕ್ಕೋಬ್ಯಾಡ" ಎಂದಳು ಅವ್ವ. "ಈಕಿ ನೀರು ಹಾಕಿದ್ದಕ್ಕಽ ಹಿಂಗಾತು. ಕಾಲ್ಗುಣ ಛಲೋ ಇಲ್ಲ."

ಓಣಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಅತ್ತಿಗೆ ಕಾಳು ಮುಟ್ಟುವಂತಿರಲಿಲ್ಲ; ಗಿರಣಿಗೆ ಕಳಿಸುವ ಜೋಳವನ್ನೂ ನಾನೇ ತೆಗೆದುಕೊಡಬೇಕಿತ್ತು. ರೊಟ್ಟಿ ಬಡಿಯಲು ಆಕೆಯ ಕೈ ನಡೆಯುತ್ತದೆ, ಜೋಳ ಮುಟ್ಟಲು ನಡೆಯುವುದಿಲ್ಲ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಕೆಯನ್ನು ತವರಿಗೆ ಕಳಿಸುವ ಮಾತೂ ಮನೆಯಲ್ಲಿ ಎದ್ದಿತು.

ಸುಗ್ಗಿಗೆ ಇನ್ನೊಂದು ಡ್ರಮ್ಮು ಬೇಕಾಯಿತು. ಈ ಸಲ ಬಯಲಿಗೆ ಅತ್ತಿಗೆಯೇ ಹೋದಳು. ಅಣ್ಣ ತೋರಿಸಿದಂತೆ ನೀರು ತುಂಬಿ ಚೆಲ್ಲಿದಳು, ಅಂಚಿನಲ್ಲಿ ಕೂತಿದ್ದ ಬೂದಿಯಂಥ ಪುಡಿಯನ್ನು ಕಸಬರಿಗೆಯಿಂದ ತಿಕ್ಕಿದಳು, ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗೆ ಹಾಕಿದಳು. ಡ್ರಮ್ಮು ಅಂಗಳಕ್ಕೆ ಬಂದಾಗ ಅವ್ವ ಆರತಿ ತಟ್ಟೆಯನ್ನು ನನ್ನತ್ತ ಚಾಚಿದಳು. ತಾನು ಬೆಳಗಲು ಅವಳಿಗೂ ಧೈರ್ಯವಿರಲಿಲ್ಲ. ನಾನು ಹಿಡಿಯುವ ಮೊದಲೇ ಅತ್ತಿಗೆ ಅದನ್ನು ಇಸಿದುಕೊಂಡಳು. ನೀರು ಚಿಮುಕಿಸಿ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದು, ಉರಿಯುವ ಆರತಿ ಹಿಡಿದು ಡ್ರಮ್ಮಿನ ಬಾಯಿಗೆ ಬಗ್ಗಿದಳು.

"ಏ, ಸರಿಯಽ! ಮಾರಿ ಸುಟ್ಟೀತು!" ಅವ್ವ ಚೀರುತ್ತ ಓಡಿಬಂದು ಆಕೆಯ ರಟ್ಟೆ ಹಿಡಿದು ಜಗ್ಗಿದಳು.

ಆರತಿ ತನ್ನ ಪಾಡಿಗೆ ಉರಿಯುತ್ತಿತ್ತು.

"ಏನೂ ಆಗಂಗಿಲ್ರಿ ಅತ್ತಿ, ನಾ ತೊಳದೀನಿ" ಎಂದಳು ಅತ್ತಿಗೆ.

ಅವ್ವ ಹಿಡಿದ ರಟ್ಟೆ ಬಿಡಲಿಲ್ಲ. ಇನ್ನೊಂದು ಕೈಯಿಂದ ಜೋಳದ ಚೀಲವನ್ನು ಹತ್ತಿರ ಎಳೆದು, "ಮೊದಲ ಹಿಡಿ ನೀನಽ ಹಾಕು" ಎಂದಳು.