ಪಾಂಡವಪುರದ ಸೋಲ್ ಹಾಡು

ಪಾಂಡವಪುರದಲ್ಲಿ ಬಸ್ಸಿಳಿದು ಹತ್ತು ನಿಮಿಷವಾಗಿರಲಿಲ್ಲ, ಗುರುತಿಲ್ಲದ ಒಬ್ಬ ‘ಲೇ, ಪಕ್ಕಕ್ ಬಾರ್ಲಾ, ಟ್ರಾಕ್ಟರು ಬತ್ತಾದೆ’ ಎಂದ. ನಮ್ಮ ವಿಜಯಪುರದಲ್ಲಿ ಅಪರಿಚಿತರು ‘ಲೇ’ ಎಂದರೆ ಜಗಳವೇ. ಸಿಟ್ಟಿನಿಂದ ತಿರುಗಿದರೆ, ಆತ ನನ್ನ ಕೀಬೋರ್ಡಿನ ಭಾರದ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ನಿಂತಿದ್ದ.

ನಾನು ಬಂದದ್ದು ಒಂದು ಪ್ರೇಮಕಥೆಯ ಸಿನಿಮಾಕ್ಕೆ ಹಾಡು ಬರೆದು ಸಂಗೀತ ಮಾಡಲು. ನಾಯಕ ಇದೇ ಸೀಮೆಯ ಅರಕೆರೆಯಲ್ಲಿ ಕಬ್ಬಿನ ಟ್ರಾಕ್ಟರು ಓಡಿಸುವವನು. ಹಾಡುಗಳು ಮಾತ್ರ ಹಿಪ್‌ಹಾಪ್ ಮತ್ತು ಸೋಲ್. ತಾಳದ ಮೇಲೆ ಮಾತು ಓಡಿಸುವುದು ಒಂದು, ಎದೆಯಾಳದಿಂದ ಎಳೆದು ಹಾಡುವುದು ಇನ್ನೊಂದು.

ಪುಟ್ಟತಾಯಮ್ಮ ಎಂಬ ಹಿರಿಯರ ಮನೆಯಲ್ಲಿ ಬಾಡಿಗೆಗೆ ಕೋಣೆ ಸಿಕ್ಕಿತು. ಜೋಳದ ರೊಟ್ಟಿಯಲ್ಲೇ ಬೆಳೆದ ನನಗೆ ಅವರ ಸೊಸೆ ಸವಿತಾ ಎದುರು ಕೂತು, ‘ಅಗೀಬ್ಯಾಡಿ, ನುಂಗಿ’ ಎಂದು ಮುದ್ದೆ ಉಣ್ಣುವುದನ್ನು ಕಲಿಸಿದಳು. ಹಸು ಕರೆಯುತ್ತ ಆಕೆ ಗುನುಗುತ್ತಿದ್ದಳು. ಕೊಂಚ ಒಡಕು ದನಿ. ಸೋಲ್ ಹಾಡಿಗೆ ಬೇಕಾದದ್ದು ಅದೇ.

ನಾನು ಬರೆದ ಮೊದಲ ಪ್ರೇಮಗೀತೆಯನ್ನು ಪುಟ್ಟತಾಯಮ್ಮ ಪೂರ್ತಿ ಕೇಳಿದರು.

‘ಎಲ್ಲಾ ಸರಿ ಕಣಪ್ಪ. ಈ ಉಡ್ಗ ಯಾಕಿಂಗೆ ಕೂಗಾಡ್ತಾನೆ? ನಮ್ ಕಡೆ ಇಷ್ಟ ಆದ್ರೆ ಉಂಡ್ಯಾ ಅಂತ ಕೇಳ್ತಾರೆ, ಅಷ್ಟೇಯ.’

ಅವರು ಹೇಳಿದ್ದು ನಿಜ. ಹಾಡನ್ನು ಹರಿದು ಹಾಕಿ, ‘ಉಂಡ್ಯಾ’ ಎಂಬುದನ್ನೇ ಪಲ್ಲವಿ ಮಾಡಿ ಹೊಸದಾಗಿ ಬರೆದೆ. ಹಾಡಲು ಸವಿತಾಳನ್ನು ಕೇಳಿದೆ.

‘ಜನ ಆಡ್ಕೋತಾರೆ’ ಎಂದಳು.

‘ಆಡ್ಕಳ್ಲಿ ಬುಡವ್ವ, ನೀ ಹಾಡು’ ಎಂದರು ಅತ್ತೆ.

ಸವಿತಾ ಹಾಡಿದ್ದನ್ನು ಧ್ವನಿಮುದ್ರಿಸಿದೆ. ಆದರೆ ನಿರ್ಮಾಪಕರಿಗೆ ಮುಂಬೈಯ ಹೆಸರಾಂತ ಗಾಯಕಿ ಬೇಕಿತ್ತು. ‘ಈ ದನಿ ತೆಗೆದರೆ ನಾನೂ ಹೊರಡುತ್ತೇನೆ’ ಎಂದೆ. ಅವರು ಹಾಡನ್ನು ಎರಡು ಸಲ ಕಣ್ಣು ಮುಚ್ಚಿ ಕೇಳಿ, ‘ಇರ್ಲಿ’ ಎಂದರು. ಸವಿತಾ ತೆರೆಯ ಮೇಲೆ ತನ್ನ ಹೆಸರು ಕಂಡಳು. ಮರುದಿನ ಡೈರಿಗೆ ಹಾಲು ಹಾಕಲು ಹೊಸ ಸೀರೆ ಉಟ್ಟು ಹೋದಳು.

ಕೈಯಲ್ಲಿ ಈಗ ಇನ್ನೆರಡು ಸಿನಿಮಾಗಳಿವೆ, ಕೋಣೆ ಬಿಟ್ಟಿಲ್ಲ. ಆದರೂ ಊರಿನ ಹೋಟೆಲಿನಲ್ಲಿ ಎಲ್ಲರಿಗೂ ನಾನಿನ್ನೂ ‘ಬಿಜಾಪುರದೋರು’.

ಕಳೆದ ತಿಂಗಳು ವಿಜಯಪುರದ ಚಿತ್ರಮಂದಿರದಲ್ಲಿ ಅವ್ವನ ಪಕ್ಕ ಕೂತು ಆ ಸಿನಿಮಾ ನೋಡಿದೆ. ಎರಡನೇ ಚರಣದಲ್ಲಿ ಅವ್ವ, ‘ಏನಂತಾಳೋ ಆಕಿ?’ ಎಂದು ಕೇಳಿದಳು. ಅರ್ಥ ಹೇಳಲು ಬಾಯಿ ತೆರೆದೆ, ಪಾಂಡವಪುರದ ಮಾತೇ ಬಂತು. ಅವ್ವ ನನ್ನ ಮುಖ ನೋಡಿದಳು. ತಡವರಿಸಿ, ನಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳಿದೆ.