ತೂಕದಲ್ಲೇ ಸೇರಿಸಿದ ಕೊಸರು

ಸ್ನೇಹಿತರೇ, ಇವತ್ತು ಕೊಳ್ಳೇಗಾಲದ ನಮ್ಮ ಅಂಗಡಿಯಲ್ಲಿ ಒಂದು ಹಿಡಿ ಹುರುಳಿಗಾಗಿ ವ್ಯಾಪಾರವೇ ಕೈತಪ್ಪುತ್ತಿತ್ತು. ಕಾಮಗೆರೆಯ ಹೆಂಗಸೊಬ್ಬರು ಒಂದು ಕೆಜಿ ಹುರುಳಿ ಕೇಳಿದರು. ನಾನಾಗಿಯೇ ಒಂದು ಹಿಡಿ ಹೆಚ್ಚಿಗೆ ಸೇರಿಸಿ ತೂಗಿದೆ.

"ಕೊಸರು ಆಕಪ್ಪ."

"ತೂಕದಲ್ಲೇ ಸೇರ್ಸಿವ್ನಿ ಕಣಕ್ಕ."

"ಅದು ತೂಕ. ಕೊಸರು ಕೈಲಿ ಆಕ್ಬೇಕು. ಆಗಲ್ಲ ಅಂದ್ರೆ ಎದ್ರಂಗ್ಡಿಗೆ ಓಯ್ತೀನಿ."

ತಟ್ಟೆಯಿಂದ ಆ ಹಿಡಿಯನ್ನು ವಾಪಸ್ ತೆಗೆದೆ. ಉಳಿದದ್ದನ್ನು ಅವರ ಚೀಲಕ್ಕೆ ಸುರಿದು, ಕೈಯಲ್ಲಿದ್ದುದನ್ನು ಮೇಲೆ ಹಾಕಿದೆ.

"ಈಗ್ ಸರಿಯಾಯ್ತು ನೋಡು" ಎಂದು ನಗುತ್ತಾ ಹೋದರು. ನನ್ನ ಲಾಭ ಇದ್ದಷ್ಟೇ ಇತ್ತು. ಅವರದು ಮಾತ್ರ ಒಂದು ಹಿಡಿ ಹೆಚ್ಚಾಗಿತ್ತು.

ಸಂಜೆ ಮನೆಗೆ ಒಂದು ಮೊಳ ಮಲ್ಲಿಗೆ ಕೊಂಡೆ. ಹೂವಿನಾಕೆ ಧಾರಾಳವಾಗಿಯೇ ಅಳೆದು ಕತ್ತರಿಸಿ ಕೊಟ್ಟಳು. ನಾನು ಹೊರಡಲಿಲ್ಲ.

"ಕೊಸರು ಎಲ್ಲಿ ಕಣಮ್ಮ?" ಎಂದೆ.