ಡಾಲ್ಫಿನ್ ನೋಡಲು ಹೋದ ಅಕ್ಕ

"ನೀವು ತೀರಾ ಹತ್ತಿರದಿಂದ ನೋಡಿದ ಕಾಡುಪ್ರಾಣಿ ಯಾವುದು? ಒಬ್ಬೊಬ್ಬರಾಗಿ ಹೇಳಿ."

ಟ್ರೆಕ್ಕಿಂಗ್ ಶುರುವಾಗುವ ಮೊದಲು ಗೈಡ್ ಗಣಪತಿ ನಮ್ಮನ್ನೆಲ್ಲ ಕಡಲ ದಂಡೆಯಲ್ಲಿ ವೃತ್ತವಾಗಿ ನಿಲ್ಲಿಸಿ ಕೇಳಿದ ಪ್ರಶ್ನೆ ಇದು. (ಪರಸ್ಪರ ಪರಿಚಯ ಆಗಲಿ ಅಂತ. ಈಗ ಎಲ್ಲಿ ಹೋದರೂ ಇಂಥದ್ದೊಂದು ಇರುತ್ತದಲ್ಲ!) ಒಬ್ಬರು ಸಫಾರಿಯಲ್ಲಿ ಕಂಡ ಹುಲಿ ಎಂದರು. ಕುತ್ತಿಗೆಯಲ್ಲಿ ಮೊಳದುದ್ದದ ಕ್ಯಾಮೆರಾ ನೇತುಹಾಕಿಕೊಂಡಿದ್ದ ರವೀಂದ್ರ ಎಂಬವರು ಕರಿಚಿರತೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಅಕ್ಕನ ಸರದಿ.

"ಆನೆ," ಎಂದಳು.

"ಓ, ಸೂಪರ್! ಯಾವ ರೆಸಾರ್ಟಲ್ಲಿ?"

"ರೆಸಾರ್ಟಲ್ಲಿ ಅಲ್ಲ. ನಮ್ಮ ಬಚ್ಚಲುಮನೆ ಹಿಂದೆ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ನನಗೂ ನಗು ಬರಲಿಲ್ಲ.

ನಾನು ಪುತ್ತೂರು ಪೇಟೆಯಲ್ಲಿ ಇರುವವಳು. ನನಗೆ ರಾತ್ರಿ ಕಾಟ ಕೊಡುವ ಪ್ರಾಣಿ ಅಂದರೆ ಸೊಳ್ಳೆ. ಅಕ್ಕ ಲಲಿತ ಕಡಬದಿಂದ ಆಚೆ, ಕಾಡಂಚಿನಲ್ಲಿ ಇದ್ದಾಳೆ. ಮನೆ ಹಿಂದಿನ ಗುಡ್ಡದಲ್ಲಿ ರಬ್ಬರ್ ಉಂಟು. ಭಾವನ ಮೊಣಕಾಲು ಕೈಕೊಟ್ಟ ಮೇಲೆ ಟ್ಯಾಪಿಂಗ್ ಅವಳದ್ದೇ. ಬೆಳಕು ಹರಿಯುವ ಮೊದಲು ತಲೆಗೆ ಲೈಟ್ ಕಟ್ಟಿಕೊಂಡು ಗುಡ್ಡ ಹತ್ತಬೇಕು. ಬಿಸಿಲೇರಿದರೆ ಮರ ಹಾಲು ಕೊಡುವುದಿಲ್ಲ.

ಕಳೆದ ವರ್ಷದವರೆಗೆ ಅವಳಿಗೆ ಅದು ಕಷ್ಟದ ಕೆಲಸ ಆಗಿತ್ತು, ಅಷ್ಟೇ. ಈಗ ಆನೆ ಬರುತ್ತದೆ, ಬಚ್ಚಲುಮನೆಯ ಹಿಂದಿನವರೆಗೂ. ಒಂದು ಬೆಳಿಗ್ಗೆ ಮರ ಕೆರೆಯುತ್ತಿದ್ದಾಗ ಅವಳ ಮೂಗಿಗೆ ವಾಸನೆ ಬಡಿಯಿತಂತೆ. ಲೈಟ್ ಆರಿಸಿ, ಮರಕ್ಕೆ ಅಂಟಿಕೊಂಡು ನಿಂತಳಂತೆ. ಕೆಳಗಿನ ಸಾಲಿನಲ್ಲಿ ಒಂದು ದೊಡ್ಡ ಕತ್ತಲೆ ಅಲ್ಲಾಡುತ್ತಾ ದಾಟಿತು. ರಬ್ಬರ್ ಹಾಲು ಹಿಡಿಯುವ ಗೆರಟೆ ತುಳಿದ ಸದ್ದು, ಉಸಿರಿನ ಸದ್ದು. ಅದು ಹೋದ ಮೇಲೂ ಬೆಳಕಾಗುವವರೆಗೆ ಅವಳು ಅಲ್ಲೇ ನಿಂತಿದ್ದಳು.

ಆವತ್ತು ಹೋದ ನಿದ್ದೆ ಮತ್ತೆ ಬರಲಿಲ್ಲ. ಬಾಳೆ ಎಲೆ ಅಲ್ಲಾಡಿದರೆ ಎದ್ದು ಕೂರುತ್ತಾಳೆ. ನಾಯಿ ಬೊಗಳಿದರೂ ಭಯ, ಬೊಗಳದಿದ್ದರೂ ಭಯ. ನಾನು ಈ ಸುದ್ದಿಯನ್ನು ಇಲ್ಲಿ ಯಾರಿಗಾದರೂ ಹೇಳಿದರೆ ಮೊದಲ ಪ್ರಶ್ನೆ ಏನು ಗೊತ್ತಾ? "ಹೌದಾ! ವಿಡಿಯೋ ಉಂಟಾ?"

ಎರಡು ತಿಂಗಳ ಹಿಂದೆ ಗಟ್ಟಿಯಾದ ರಬ್ಬರ್ ಹಾಲನ್ನು ಶೀಟ್ ಮಾಡುವ ಮೆಷಿನ್ ತಿರುಗಿಸುತ್ತಾ ಅಕ್ಕ ನಿಂತಲ್ಲೇ ತೂಕಡಿಸಿದಳು. ಬೆರಳು ರೋಲರಿನ ಎಡೆಗೆ ಹೋಯಿತು. ಪುಣ್ಯಕ್ಕೆ ಉಗುರು ಮಾತ್ರ ಹೋಯಿತು. ಭಾವ ಫೋನ್ ಮಾಡಿ ಹೇಳಿದರು: "ನೀನು ಇವಳನ್ನು ಎಲ್ಲಿಗಾದ್ರೂ ಕರ್ಕೊಂಡು ಹೋಗು ಮಾರಾಯ್ತಿ. ಎರಡು ದಿನ ಟ್ಯಾಪಿಂಗ್ ಇಲ್ಲದಿದ್ರೆ ಮರ ಎಂತ ಬೈಯುದಿಲ್ಲ."

ನಮ್ಮ ವಾಕಿಂಗ್ ಗುಂಪಿನವರು ಬಡಗು ಕರಾವಳಿಗೆ, ಕುಮಟಾ ಕಡೆಗೆ ಟ್ರೆಕ್ಕಿಂಗ್ ಹೊರಟಿದ್ದರು. ಕಡಲಿಗೆ ಚಾಚಿದ ಗುಡ್ಡಗಳನ್ನು ಹತ್ತಿ ಇಳಿಯುತ್ತಾ ಹೋಗುವುದು. ದಾರಿಯಲ್ಲಿ ಕಡಲಹದ್ದು, ನೀರುನಾಯಿ, ಅದೃಷ್ಟ ಇದ್ದರೆ ಡಾಲ್ಫಿನ್. ಅಕ್ಕನಿಗೆ ಹೇಳಿದೆ. ಒಪ್ಪಲಿಕ್ಕಿಲ್ಲ ಅಂದುಕೊಂಡಿದ್ದೆ. "ಡಾಲ್ಫಿನಾ? ಹಾರುತ್ತದಾ ಅದು?" ಎಂದು ಕೇಳಿದಳು. ಎಷ್ಟೋ ದಿನದ ನಂತರ ಅವಳ ದನಿಯಲ್ಲಿ ಸ್ವಲ್ಪ ಜೀವ ಇತ್ತು. (ನಾವು ಮಾತಾಡುವುದು ಅರೆಭಾಷೆ. ನಿಮಗಾಗಿ ಕನ್ನಡ ಮಾಡಿದ್ದೇನೆ.)

ರೈಲಿನಲ್ಲಿ ಅವಳು ಕಣ್ಣು ಮುಚ್ಚಲಿಲ್ಲ. ಲಾಡ್ಜಿನಲ್ಲಿ ಬೆಳಿಗ್ಗೆ ನಾನು ಏಳುವಾಗ ಸ್ನಾನ ಮುಗಿಸಿ ಕಿಟಕಿ ಹತ್ತಿರ ಕೂತಿದ್ದಳು.

"ನಿದ್ದೆ ಬಂತಾ?"

"ಈ ಸಮುದ್ರ ಬಾಯಿ ಮುಚ್ಚಿದ್ರಲ್ವಾ?"

ನಡಿಗೆ ಶುರುವಾಯಿತು. ಮೊದಲ ಗುಡ್ಡದ ತುದಿಯಲ್ಲೇ ಬಿಳಿ ಹೊಟ್ಟೆಯ ಕಡಲಹದ್ದು ತಲೆಯ ಮೇಲೆ ತೇಲಿತು. ಹೊಳೆ ಕಡಲಿಗೆ ಸೇರುವಲ್ಲಿ ಹಸಿ ಮರಳಿನ ಮೇಲೆ ನೀರುನಾಯಿಯ ಹೆಜ್ಜೆಗುರುತು. ಎಲ್ಲರೂ ಬಗ್ಗಿ ಫೋಟೋ ತೆಗೆದರು. ಅಕ್ಕ ಮಾತ್ರ ಬೇರೇನೋ ಹುಡುಕುತ್ತಿದ್ದಳು. ದಾರಿಯ ಬದಿಯ ಹುಲ್ಲು ನೋಡುತ್ತಿದ್ದಳು, ಮರದ ತೊಗಟೆ ನೋಡುತ್ತಿದ್ದಳು. ಆಗಾಗ ಮೂಗು ಮೇಲೆತ್ತಿ ಗಾಳಿ ಹಿಡಿಯುತ್ತಿದ್ದಳು. ಏನನ್ನು ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.

"ಇಲ್ಲಿ ಆನೆ ಬರುದಿಲ್ವಾ?" ಎಂದು ಗಣಪತಿಯನ್ನು ಕೇಳಿದಳು.

"ಇಲ್ಲೆಲ್ಲಿ ಆನೆ, ಅಕ್ಕಾ! ನಾನು ಆನೆ ನೋಡಿದ್ದೇ ದೇವಸ್ಥಾನದಲ್ಲಿ."

ಎರಡನೇ ಗುಡ್ಡದ ಕುರುಚಲು ಕಾಡಿನಲ್ಲಿ ಪಕ್ಕದ ಪೊದೆ ದಡಬಡ ಅಂತು. ಅಕ್ಕ ನನ್ನ ಮುಂಗೈ ಹಿಡಿದ ರಭಸಕ್ಕೆ ಬಳೆ ಒಡೆಯಿತು. ಪೊದೆಯಿಂದ ಹೊರಬಂದದ್ದು ಒಂದು ಬಡಕಲು ದನ. ಹಿಂದಿದ್ದವರು ಗೊಳ್ಳೆಂದು ನಕ್ಕರು. ನಾನು ತಿರುಗಿ ನೋಡಿದ್ದು ಹೇಗಿತ್ತೋ, ನಗು ನಿಂತಿತು. ಅಕ್ಕ ಮಾತ್ರ ದನ ದಾಟಿ ಹೋಗುವವರೆಗೆ ನನ್ನ ಕೈ ಬಿಡಲಿಲ್ಲ.

ಸ್ವಲ್ಪ ಮುಂದೆ ಹೋದ ಮೇಲೆ ಮತ್ತೆ ಕೇಳಿದಳು. "ಮಳೆಗಾಲದಲ್ಲೂ ಬರುದಿಲ್ವಾ?"

ಗಣಪತಿ ಈ ಸಲ ತಮಾಷೆ ಮಾಡಲಿಲ್ಲ. ನಿಂತು, ಅವಳ ಕಡೆ ತಿರುಗಿ ಹೇಳಿದ: "ಇಲ್ಲ ಅಕ್ಕಾ. ಈ ಗುಡ್ಡಕ್ಕೆ ಯಾವತ್ತೂ ಬಂದದ್ದಿಲ್ಲ."

ಮಧ್ಯಾಹ್ನದ ಹೊತ್ತಿಗೆ ಕಡಲಿನ ಮೇಲೆ ಬಾಗಿದಂತಿದ್ದ ಒಂದು ಗುಡ್ಡದ ನೆತ್ತಿ ತಲುಪಿದೆವು. ಅಲ್ಲೊಂದು ಗೇರುಮರ, ಅದರಡಿ ಒಳ್ಳೆ ನೆರಳು. ಕಟ್ಟಿ ತಂದ ಚಿತ್ರಾನ್ನ ತಿಂದೆವು. ಕೈ ತೊಳೆದು ಬರುವಷ್ಟರಲ್ಲಿ ಅಕ್ಕ ಬ್ಯಾಗನ್ನು ತಲೆಯಡಿ ಇಟ್ಟು, ಶಾಲನ್ನು ಮುಖಕ್ಕೆ ಎಳೆದುಕೊಂಡು ಒರಗಿದ್ದಳು. ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋದರೆ ಗೊರಕೆ!

ಅದೇ ಹೊತ್ತಿಗೆ ರವೀಂದ್ರರು ಕೂಗಿದರು. "ಅಲ್ಲಿ! ಅಲ್ಲಿ! ಬಂಡೆಯ ಎಡಕ್ಕೆ!"

ಡಾಲ್ಫಿನ್‌ಗಳು. ಬೂದು ಬೆನ್ನು ನೀರಿನಿಂದ ಏಳುವುದು, ಬಾಗುವುದು, ಮುಳುಗುವುದು. ಒಂದರ ಪಕ್ಕ ಸಣ್ಣದೊಂದು ಮರಿ, ಅಮ್ಮ ಎದ್ದ ಕೂಡಲೇ ತಾನೂ ಏಳುತ್ತಿತ್ತು. ಟಿವಿಯಲ್ಲಿ ತೋರಿಸುವ ಹಾಗೆ ಹಾರಲಿಲ್ಲ. ಅವಸರವೇ ಇಲ್ಲದೆ ಉಸಿರು ತೆಗೆದುಕೊಳ್ಳುತ್ತಾ ಹೋಗುತ್ತಿದ್ದವು.

"ನಿಮ್ಮ ಅಕ್ಕನನ್ನು ಎಬ್ಬಿಸಿ ಮೇಡಂ," ಎಂದರು ರವೀಂದ್ರರು. "ಇಂಥ ಚಾನ್ಸ್ ಮತ್ತೆ ಸಿಗಲಿಕ್ಕಿಲ್ಲ."

ಹೋದೆ. ಪಕ್ಕದಲ್ಲಿ ಕೂತೆ. ಶಾಲು ಸರಿದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ತಿಂಗಳುಗಳಿಂದ ಹುಬ್ಬಿನ ನಡುವೆ ಕೂತಿದ್ದ ಗಂಟು ಇರಲಿಲ್ಲ. ಉಗುರು ಹೋದ ಬೆರಳು ಒಣಗಿದ ಎಲೆಗಳ ಮೇಲೆ ಸುಮ್ಮನೆ ಬಿದ್ದಿತ್ತು. ಭುಜ ಮುಟ್ಟಲು ಕೈ ಚಾಚಿದವಳು ಹಿಂದಕ್ಕೆ ತೆಗೆದೆ.

ಏಳಿಸಬೇಕಿತ್ತಾ? ಅವಳು ಇಷ್ಟು ದೂರ ಬಂದದ್ದೇ ಅದಕ್ಕಲ್ಲವಾ? ನೀವಾದರೆ ಏನು ಮಾಡುತ್ತಿದ್ದಿರಿ?

ನಾನು ಏಳಿಸಲಿಲ್ಲ. ಡಾಲ್ಫಿನ್‌ಗಳು ಹೋದವು.

ಆಮೇಲೆ ಇನ್ನೊಂದು ಪಜೀತಿ. ನೀರು ಏರುವ ಮೊದಲು ಕೆಳಗಿನ ಬಂಡೆಗಳನ್ನು ದಾಟಬೇಕು, ಇಲ್ಲದಿದ್ದರೆ ದಾರಿ ಮುಚ್ಚುತ್ತದೆ ಎಂದು ಗಣಪತಿ ಅವಸರ ಮಾಡಿದ. "ನೀವು ಹೋಗಿ, ನಾವಿಬ್ಬರು ಇಲ್ಲೇ ಇರ್ತೇವೆ," ಎಂದೆ. ಕೆಲವರು ಮುಖ ಸಿಂಡರಿಸಿದರು. ಗಣಪತಿ ಮಾತ್ರ ಮಲಗಿದ್ದವಳನ್ನೊಮ್ಮೆ ನೋಡಿ, ದನಿ ತಗ್ಗಿಸಿ, ಗುಡ್ಡದ ಹಿಂದೆ ರಸ್ತೆ ಇದೆ, ರಿಕ್ಷಾಕ್ಕೆ ಹೇಳಿ ಇಡ್ತೇನೆ ಎಂದ.

ಬಿಸಿಲು ಇಳಿಯುವವರೆಗೆ ನಾನು ಕೂತೇ ಇದ್ದೆ. ಇರುವೆ ಓಡಿಸುವುದು, ಶಾಲು ಸರಿಮಾಡುವುದು. ನಡೆದ ಕಾಲು ನೋಯುತ್ತಿತ್ತು. ನನಗೂ ಸುಸ್ತು. ಆದರೆ ಯಾರೋ ಒಬ್ಬರು ಎಚ್ಚರ ಇದ್ದರೆ ಮಾತ್ರ ಇನ್ನೊಬ್ಬರಿಗೆ ಹೀಗೆ ಮಲಗಲು ಆಗುತ್ತದೆ ಎಂದು ಆಗ ಅನಿಸಿತು. ಕಡಬದ ಆ ಮನೆಯಲ್ಲಿ ಎಚ್ಚರ ಇರುವವಳು ಯಾವಾಗಲೂ ಇವಳೇ.

ಎದ್ದವಳು ಗಾಬರಿಯಲ್ಲಿ ಸುತ್ತ ನೋಡಿದಳು. "ಹಾಲು ಎತ್ತಿ ಆಯ್ತಾ?" ಎಂದಳು. ಆಮೇಲೆ ಕಡಲು ಕಂಡಿತು.

"ಉಳಿದವರೆಲ್ಲಿ?"

"ಹೋದ್ರು."

"ಡಾಲ್ಫಿನ್?"

"ಬಂದಿತ್ತು. ಮರಿಯೂ ಇತ್ತು."

"ನನ್ನನ್ನು ಯಾಕೆ ಏಳಿಸ್ಲಿಲ್ಲ? ನಿನಗೆ ಬುದ್ಧಿ ಉಂಟಾ?"

ನಿಜವಾಗಿಯೂ ಸಿಟ್ಟು ಬಂದಿತ್ತು ಅವಳಿಗೆ. ರಿಕ್ಷಾದಲ್ಲಿ ಮುಖ ಆಚೆ ತಿರುಗಿಸಿ ಕೂತಳು. ರವೀಂದ್ರರು ಲಾಡ್ಜಿನಲ್ಲಿ ಫೋಟೋ ತೋರಿಸಿದರು. ಬಹಳ ಹೊತ್ತು ನೋಡಿ ಕ್ಯಾಮೆರಾ ಹಿಂದೆ ಕೊಟ್ಟಳು. ಮರುದಿನ ರೈಲು ಹತ್ತಿದ್ದೇ ತಡ ನನ್ನ ಭುಜಕ್ಕೆ ಒರಗಿದಳು. ದಾರಿಯುದ್ದಕ್ಕೂ ಒಂದೇ ನಿದ್ದೆ. ಭುಜ ಜೋಮು ಹಿಡಿದರೂ ನಾನು ಅಲ್ಲಾಡಲಿಲ್ಲ.

ಈಗ ಅವಳು ಮತ್ತೆ ಗುಡ್ಡ ಹತ್ತುತ್ತಿದ್ದಾಳೆ. ಆನೆ ಮತ್ತೆ ಬರುತ್ತಿದೆ. ಕಾಡಿಗೆ ಮನುಷ್ಯ ನುಗ್ಗಿದ್ದಾ, ಊರಿಗೆ ಆನೆ ನುಗ್ಗಿದ್ದಾ ಎಂಬ ಚರ್ಚೆ ನನ್ನ ಮೊಬೈಲಿನಲ್ಲಿ ದಿನಾ ನಡೆಯುತ್ತದೆ. ಎರಡೂ ಕಡೆಯವರು ಚೆನ್ನಾಗಿ ನಿದ್ದೆ ಮಾಡಿ ಎದ್ದು ಬರೆದದ್ದು ಎಂದು ಓದಿದರೇ ಗೊತ್ತಾಗುತ್ತದೆ. ಅಕ್ಕ ಆ ಚರ್ಚೆಗೆ ಹೋಗುವುದಿಲ್ಲ. ಮೊನ್ನೆ ಫೋನಿನಲ್ಲಿ ಇಷ್ಟೇ ಹೇಳಿದಳು: "ಪಟಾಕಿ ಹೊಡೆದು ಓಡಿಸಿದ್ರು. ಅದಾದ್ರೂ ಎಲ್ಲಿ ಹೋಗಿ ಮಲಗ್ತದೋ, ಪಾಪ."

ಇಷ್ಟು ದಣಿದವಳ ಬಾಯಲ್ಲಿ 'ಪಾಪ' ಎಂಬ ಮಾತು ಇನ್ನೂ ಉಳಿದಿದೆ, ನಮ್ಮ ಬಾಯಲ್ಲಿ?